ಝಾಂಗ್ ಹಡಗು: ಕೊಲೆಯಲ್ಲ, ವಿಮೆಯ ಮೊಕದ್ದಮೆ

ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಪಾಠದಲ್ಲಿ ಝಾಂಗ್ ಹೆಸರು ಬಂದರೆ ಸಾಕು, 'ಕೊಲೆ ಮೊಕದ್ದಮೆ' ಎಂದು ಬರೆದುಬಿಡುತ್ತೇವೆ. ನಾನೂ ಹಾಗೆಯೇ ಬರೆದಿದ್ದೆ. ಆದರೆ ಕೊಲೆಗಾಗಿ ಯಾರ ವಿಚಾರಣೆಯೂ ನಡೆಯಲಿಲ್ಲ. ಲಂಡನ್ನಿನ ನ್ಯಾಯಾಲಯಕ್ಕೆ ಬಂದದ್ದು ವಿಮೆ ಹಣದ ತಕರಾರು.

ಹಡಗು ಮೊದಲು ಡಚ್ಚರದು. ಆಗಿನ ಹೆಸರು 'ಜೋರ್ಗ್', ಅಂದರೆ ಆರೈಕೆ! ಬ್ರಿಟಿಷರು ಅದನ್ನು ವಶಪಡಿಸಿಕೊಂಡ ಮೇಲೆ ಲಿವರ್‌ಪೂಲಿನ ವಿಲಿಯಂ ಗ್ರೆಗ್ಸನ್ ಮತ್ತು ಪಾಲುದಾರರ ಕೈಸೇರಿತು. ಕಪ್ತಾನ ಲ್ಯೂಕ್ ಕಾಲಿಂಗ್‌ವುಡ್ ಅದುವರೆಗೆ ಹಡಗಿನ ವೈದ್ಯನಾಗಿದ್ದವನು. 1781ರ ಆಗಸ್ಟ್‌ನಲ್ಲಿ 442 ಆಫ್ರಿಕನ್ನರನ್ನು ತುಂಬಿಕೊಂಡು ಅಕ್ರಾದಿಂದ ಹೊರಟ. ನವೆಂಬರ್ ಕೊನೆಗೆ ಜಮೈಕಾ ಕಂಡರೂ ಬೇರೆ ದ್ವೀಪವೆಂದು ತಿಳಿದು ದಾಟಿ ಹೋದರು. ಕುಡಿಯುವ ನೀರು ಸಾಲದು ಎಂಬ ಮಾತು ಆಗ ಎದ್ದಿತು. ನವೆಂಬರ್ 29ರಂದು ಐವತ್ತಕ್ಕೂ ಹೆಚ್ಚು ಹೆಂಗಸರನ್ನೂ ಮಕ್ಕಳನ್ನೂ ಕ್ಯಾಬಿನ್ನಿನ ಕಿಟಕಿಗಳಿಂದ ಸಮುದ್ರಕ್ಕೆ ನೂಕಿದರು. ಮುಂದಿನ ದಿನಗಳಲ್ಲಿ ಗಂಡಸರ ಸರದಿ. ಒಟ್ಟು 130ರ ಆಸುಪಾಸು. ಹತ್ತು ಮಂದಿ ತಾವಾಗಿಯೇ ಹಾರಿದರು.

ಪಾಠದ ತಿರುಳು ಇಲ್ಲಿದೆ. ಗುಲಾಮ ಕಾಯಿಲೆಯಿಂದ ಸತ್ತರೆ ನಷ್ಟ ಮಾಲೀಕನದು. ಹಡಗನ್ನು ಉಳಿಸಲು ಅನಿವಾರ್ಯವಾಗಿ 'ಸರಕು' ಎಸೆದರೆ ನಷ್ಟ ವಿಮೆ ಕೊಟ್ಟವರದು, ತಲೆಗೆ 30 ಪೌಂಡ್. ಹಾಗಾಗಿ ನೀರಿನ ಕೊರತೆ ಎಂಬ ಕಾರಣ ಮಾಲೀಕರಿಗೆ ಬೇಕೇ ಬೇಕಿತ್ತು.

1783ರ ಮಾರ್ಚ್‌ನಲ್ಲಿ ಜ್ಯೂರಿ ಮಾಲೀಕರ ಪರ ತೀರ್ಪಿತ್ತಿತು. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಒಲಾವ್ಡಾ ಇಕ್ವಿಯಾನೋ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ಪಟ್ಟ ಪಾಡು ವ್ಯರ್ಥವಾಯಿತು. ಕುದುರೆಗಳನ್ನು ಎಸೆದಂತೆಯೇ ಎಂದು ಪ್ರಕರಣವನ್ನು ವಿವರಿಸಿದ್ದ ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಮೇ ತಿಂಗಳಲ್ಲಿ ಮರುವಿಚಾರಣೆಗೆ ಆದೇಶಿಸಿದ. ಅವನನ್ನು ಅಲುಗಿಸಿದ್ದು ಒಂದು ಮಳೆ: ಕೊನೆಯ ತಂಡವನ್ನು ಎಸೆಯುವ ಮುನ್ನವೇ ಜೋರು ಮಳೆ ಸುರಿದಿತ್ತು. ಹಾಗಿದ್ದರೆ ನೀರಿನ ಕೊರತೆ ಎಲ್ಲಿತ್ತು? ಉತ್ತರಿಸಬೇಕಾದ ಕಾಲಿಂಗ್‌ವುಡ್ ಜಮೈಕಾ ತಲುಪಿದ ಕೆಲವೇ ದಿನಗಳಲ್ಲಿ ಸತ್ತಿದ್ದ. ಹಡಗಿನ ದಿನಚರಿ ನಾಪತ್ತೆ.

ಗುಲಾಮರನ್ನು ಸಮುದ್ರಕ್ಕೆ ಎಸೆದರೆ ವಿಮೆ ಇಲ್ಲವೆಂದು ಸಂಸತ್ತು 1790ರಲ್ಲಿ ಕಾನೂನು ಮಾಡಿತು. ವ್ಯಾಪಾರಕ್ಕೆ ಮಾತ್ರ 1807ರ ತನಕ ಅಡ್ಡಿಯಿರಲಿಲ್ಲ.