ಪದ ಪರಿಚಯ: ಚುನಾವಣಾ ದೇಣಿಗೆ, ಅದರ ಮೇಲೆ ಪ್ರಶ್ನೆ ಏಳುವುದು ಯಾವಾಗ

ಚುನಾವಣೆಗೆ ನಿಂತವರಿಗೆ ಅಥವಾ ಅವರ ಪಕ್ಷಕ್ಕೆ ಖರ್ಚಿಗೆಂದು ಬೇರೆಯವರು ಕೊಡುವುದೇ ಚುನಾವಣಾ ದೇಣಿಗೆ. ನಮ್ಮ ಮಂಗಳೂರು, ಉಡುಪಿ ಕಡೆ ಇದಕ್ಕೆ ‘ಪಾರ್ಟಿ ಫಂಡ್’ ಅನ್ನುತ್ತಾರೆ, ಇಲ್ಲವೇ ‘ಇಲೆಕ್ಷನ್ ಖರ್ಚಿಗೆ ಕೊಟ್ಟದ್ದು’ ಅನ್ನುತ್ತಾರೆ. ಕೊಡುವುದು ನೋಟು, ಚೆಕ್ಕೇ ಆಗಬೇಕೆಂದಿಲ್ಲ. ಪ್ರಚಾರಕ್ಕೆ ಬಿಟ್ಟುಕೊಟ್ಟ ಜೀಪು, ಬಾಡಿಗೆ ಹಿಡಿಯದೆ ಕೊಟ್ಟ ಸಭಾಭವನ, ಕಾರ್ಯಕರ್ತರಿಗೆ ಹಾಕಿಸಿದ ಊಟ, ದುಡ್ಡು ತೆಗೆದುಕೊಳ್ಳದೆ ಅಚ್ಚು ಹಾಕಿಕೊಟ್ಟ ಫ್ಲೆಕ್ಸ್, ಇವೆಲ್ಲವೂ ದೇಣಿಗೆಯೇ.

ದೇಣಿಗೆ ತೆಗೆದುಕೊಳ್ಳುವುದು ತಪ್ಪಲ್ಲ. ಇದನ್ನು ಮೊದಲೇ ಹೇಳಬೇಕು. ದೇಣಿಗೆ ಬೇಡವೇ ಬೇಡ ಅಂದರೆ ಸ್ವಂತ ದುಡ್ಡಿರುವವರು ಮಾತ್ರ ಚುನಾವಣೆಗೆ ನಿಲ್ಲಬಹುದು. ಅಂಗಡಿ ಅಂಗಡಿಗೆ ಹೋಗಿ ರಶೀದಿ ಹರಿದುಕೊಟ್ಟು ನೂರು, ಇನ್ನೂರು ಕೂಡಿಸಿ ನಾಮಪತ್ರ ಹಾಕುವ ಅಭ್ಯರ್ಥಿಗೆ ನಾನಂತೂ ಖುಷಿಯಿಂದಲೇ ಕೊಡುತ್ತೇನೆ. ಜನರ ಹಣದಲ್ಲಿ ಗೆದ್ದವರು ಜನರಿಗೆ ಉತ್ತರ ಹೇಳಬೇಕಾಗುತ್ತದೆ. ಆದರೆ ಇದೇ ಮಾತು ಒಬ್ಬನೇ ದೊಡ್ಡ ಕುಳದ ಹಣದಲ್ಲಿ ಗೆದ್ದವರಿಗೂ ಅನ್ವಯಿಸುತ್ತದೆ. ಅವರು ಉತ್ತರ ಹೇಳಬೇಕಾಗುವುದು ಆ ಒಬ್ಬನಿಗೆ.

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ನೋಡೋಣ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ, ಅಭ್ಯರ್ಥಿ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚಿಗೆ ಪ್ರತ್ಯೇಕ ಲೆಕ್ಕ ಇಡಬೇಕು. ಫಲಿತಾಂಶ ಬಂದು 30 ದಿನದೊಳಗೆ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರ ಖರ್ಚಿನ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಈ ಮಿತಿ ಬಂದದ್ದು 2022ರಲ್ಲಿ. ಚುನಾವಣೆಯ ಖರ್ಚಿಗೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಂದ 10,000 ರೂಪಾಯಿಗಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಯಾರೋ ಪುಕ್ಕಟೆ ಕೊಟ್ಟ ವಾಹನ, ಶಾಮಿಯಾನ, ಊಟಕ್ಕೂ ಬೆಲೆ ಕಟ್ಟಿ ಇದರಲ್ಲಿ ಸೇರಿಸಬೇಕು. ಬೆಲೆ ಎಷ್ಟು ಅಂತ ಜಿಲ್ಲೆಯಲ್ಲೇ ದರಪಟ್ಟಿ ಮಾಡಿರುತ್ತಾರೆ. ಚಹಾಕ್ಕೆ ಇಷ್ಟು, ಕುರ್ಚಿಗೆ ಇಷ್ಟು ಅಂತ.

ಪಕ್ಷದ ಲೆಕ್ಕ ಬೇರೆಯೇ ಉಂಟು. ಪಕ್ಷ ಎಷ್ಟು ಖರ್ಚು ಮಾಡಬೇಕು ಅನ್ನುವುದಕ್ಕೆ ಮಿತಿಯೇ ಇಲ್ಲ. ಒಂದು ವರ್ಷದಲ್ಲಿ 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ಹೆಸರನ್ನು ಪಕ್ಷ ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ಹೊರಗೆ ಬರುವುದಿಲ್ಲ. ಹಾಗಾಗಿ ದೊಡ್ಡ ಮೊತ್ತವನ್ನು ಮನೆಯವರ, ನೌಕರರ ಹೆಸರಲ್ಲಿ ಸಣ್ಣ ಸಣ್ಣದಾಗಿ ಹಂಚಿ ಕೊಟ್ಟರೆ ಕೊಟ್ಟವನು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕಂಪನಿಗಳ ವಿಷಯ. ಶುರುವಾಗಿ ಮೂರು ವರ್ಷ ಆಗದ ಕಂಪನಿ ಕೊಡುವ ಹಾಗಿಲ್ಲ. ಉಳಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5ರವರೆಗೆ ಮಾತ್ರ ಕೊಡಬಹುದು. ಈ ಮಿತಿಯನ್ನು 2017ರಲ್ಲಿ ತೆಗೆದಿದ್ದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು (ಬ್ಯಾಂಕಿನಿಂದ ಬಾಂಡ್ ಕೊಂಡು, ಹೆಸರು ಹೊರಗೆ ಬಾರದ ಹಾಗೆ ಪಕ್ಷಕ್ಕೆ ಕೊಡುವ ವ್ಯವಸ್ಥೆ) ರದ್ದು ಮಾಡಿದಾಗ ಆ ತಿದ್ದುಪಡಿಯನ್ನೂ ಹೊಡೆದುಹಾಕಿತು. ಪಕ್ಷದ ಸ್ಮರಣ ಸಂಚಿಕೆಗೆ ಕಂಪನಿ ಜಾಹೀರಾತು ಕೊಟ್ಟರೂ ಕಾನೂನಿನ ಕಣ್ಣಲ್ಲಿ ಅದು ದೇಣಿಗೆಯೇ. ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್‌ನಂಥ ಸರ್ಕಾರಿ ವಲಯದ ಕಂಪನಿಗಳು ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಡುವಂತಿಲ್ಲ.

ನಮ್ಮ ಜಿಲ್ಲೆಗಳಿಗೆ ಬಹಳ ಹತ್ತಿರದ ಇನ್ನೊಂದು ನಿಯಮ ಉಂಟು. ಇಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ದುಬೈಯಲ್ಲೋ ಕುವೈತ್‌ನಲ್ಲೋ ದುಡಿಯುವ ಭಾರತೀಯ ಪ್ರಜೆ ತನ್ನ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಅಲ್ಲಿಯ ಕಂಪನಿ ಕೊಡುವಂತಿಲ್ಲ. ನಮ್ಮ ಊರಿನವರೇ ಆದರೂ ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕೊಡುವಂತಿಲ್ಲ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅಭ್ಯರ್ಥಿಗಳಿಗೂ ಶಾಸಕರಿಗೂ ಪಕ್ಷಗಳಿಗೂ ಅಂಥ ಹಣವನ್ನು ನಿಷೇಧಿಸಿದೆ. ‘ನಮ್ಮ ಊರಿನ ಹುಡುಗನೇ ಅಲ್ವಾ ಕೊಟ್ಟದ್ದು’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಆತನ ಪಾಸ್‌ಪೋರ್ಟ್ ಯಾವುದು, ಹಣ ಯಾರ ಖಾತೆಯಿಂದ ಬಂತು, ಇವೆರಡನ್ನೇ ನೋಡಬೇಕು.

ಈಗ ನಿಜವಾದ ತೊಡಕಿಗೆ ಬರೋಣ. 2023ರ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. ನಾಮಪತ್ರ ಶುರುವಾದದ್ದು ಏಪ್ರಿಲ್ 13ಕ್ಕೆ, ಫಲಿತಾಂಶ ಬಂದದ್ದು ಮೇ 13ಕ್ಕೆ. ಅಂದರೆ ಅಭ್ಯರ್ಥಿಯ ಲೆಕ್ಕದ ಪುಸ್ತಕಕ್ಕೆ ಸಿಗುವುದು ಒಂದು ತಿಂಗಳು. ಉಳಿದ ನಾಲ್ಕು ವರ್ಷ ಹನ್ನೊಂದು ತಿಂಗಳು? ಆ ಕಾಲದ ಖರ್ಚು ಚುನಾವಣೆಯ ಖರ್ಚೇ ಅಲ್ಲ.

ಆದರೆ ಕರಾವಳಿಯಲ್ಲಿ ರಾಜಕಾರಣಿ ಬೆಳೆಯುವುದೇ ಆ ಕಾಲದಲ್ಲಿ. ಅಷ್ಟಮಿಗೆ ಮೊಸರು ಕುಡಿಕೆ, ನವರಾತ್ರಿಗೆ ಹುಲಿವೇಷದ ಸ್ಪರ್ಧೆ, ಬೇಸಿಗೆಯಲ್ಲಿ ಕ್ರಿಕೆಟ್ ಟೂರ್ನಮೆಂಟ್, ಅದರ ನಡುವೆ ಕಂಬಳ, ಬಯಲಾಟ, ಭಜನಾ ಮಂದಿರದ ವಾರ್ಷಿಕೋತ್ಸವ. ಬ್ಯಾನರಿನ ಮೇಲೆ ದೊಡ್ಡ ಮುಖ ಮುಂದಿನ ಅಭ್ಯರ್ಥಿಯದ್ದು, ಹೆಸರಿನ ಕೆಳಗೆ ‘ಗೌರವಾಧ್ಯಕ್ಷರು’. ಬಹುಮಾನದ ಹಣ, ಪೆಂಡಾಲು, ಲೈಟಿಂಗ್ ಎಲ್ಲ ಕೊಟ್ಟದ್ದು ಒಬ್ಬ ಬಿಲ್ಡರ್ ಅಥವಾ ಒಬ್ಬ ಮರಳು ಗುತ್ತಿಗೆದಾರ ಅಂತ ಇಟ್ಟುಕೊಳ್ಳಿ. ಹಣ ಹೋದದ್ದು ಯುವಕ ಮಂಡಲದ ಖಾತೆಗೆ. ಅದು ಅಭ್ಯರ್ಥಿಯ ದೇಣಿಗೆ ಪಟ್ಟಿಯಲ್ಲೂ ಬರುವುದಿಲ್ಲ, ಪಕ್ಷದ ಪಟ್ಟಿಯಲ್ಲೂ ಬರುವುದಿಲ್ಲ. ಕಾನೂನಿಗೆ ಸಿಗದಿದ್ದರೂ ಹೆಸರು ಬಂದದ್ದು ಯಾರಿಗೆ ಅಂತ ಊರಿಗೆಲ್ಲ ಗೊತ್ತು. ನನಗೆ ಈ ದಾರಿಯೇ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ಊರಿನ ಹಬ್ಬವನ್ನು ಪ್ರಶ್ನೆ ಮಾಡಿದ ಹಾಗೆ ಆಗುತ್ತದೆ ಅಂತ ಜನ ಬಾಯಿ ಬಿಡುವುದಿಲ್ಲ.

ಹಾಗಾದರೆ ಒಂದು ದೇಣಿಗೆ ಪ್ರಶ್ನಾರ್ಹ ಆಗುವುದು ಯಾವಾಗ? ಮೊತ್ತ ದೊಡ್ಡದು ಅನ್ನುವುದೊಂದೇ ಸಾಲದು. ಕೊಟ್ಟವರು ಯಾರು, ಕೊಟ್ಟದ್ದು ಯಾವಾಗ, ಆ ಹೊತ್ತಿಗೆ ಅವರ ಯಾವ ಕೆಲಸ ಸರ್ಕಾರದ ಮೇಜಿನ ಮೇಲಿತ್ತು, ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಮಂಗಳೂರಿನಲ್ಲಿ ಒಬ್ಬರು ಬಹುಮಹಡಿ ಕಟ್ಟಡಕ್ಕೆ ಅರ್ಜಿ ಹಾಕಿದ್ದಾರೆ. ಮಾರ್ಚ್‌ನಲ್ಲಿ ಪಕ್ಷಕ್ಕೆ ಚೆಕ್ ಕೊಟ್ಟರು. ಜೂನ್‌ನಲ್ಲಿ ಪರವಾನಗಿ ಬಂತು. ಇಷ್ಟರಿಂದಲೇ ಲಂಚ ಅಂತ ಹೇಳಲು ಆಗುವುದಿಲ್ಲ. ನಿಯಮದ ಪ್ರಕಾರ ಬರಬೇಕಾದ ಪರವಾನಗಿಯೇ ಆಗಿರಬಹುದು. ಆದರೆ ಅದೇ ಸಾಲಿನಲ್ಲಿ ಅವರಿಗಿಂತ ಮೊದಲು ಅರ್ಜಿ ಹಾಕಿದವರು ಇನ್ನೂ ಕಾಯುತ್ತಿದ್ದರೆ, ಅಥವಾ ರಸ್ತೆಯ ಅಗಲ ಕಡಿಮೆ ಇದೆ ಅಂತ ಒಮ್ಮೆ ತಿರಸ್ಕಾರವಾದ ಅರ್ಜಿ ಚೆಕ್ ಕೊಟ್ಟ ಮೇಲೆ ಪಾಸಾಗಿದ್ದರೆ, ಪ್ರಶ್ನೆ ಕೇಳಲೇಬೇಕು. ಕಡತದ ಮೇಲೆ ಸಹಿ ಹಾಕುವುದು ಶಾಸಕರಲ್ಲ, ಅಧಿಕಾರಿ. ನದಿಯ ಮರಳು ದಿಬ್ಬ ತೆಗೆಯುವ ಪರವಾನಗಿಯೂ ಹಾಗೆಯೇ. ಅದನ್ನು ತೀರ್ಮಾನಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿ. ಆದರೂ ಒಂದು ಫೋನ್ ಕರೆಗೆ ಎಷ್ಟು ತೂಕ ಉಂಟು ಅಂತ ಸರ್ಕಾರಿ ಕಚೇರಿಗೆ ಅಲೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಾಂಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ದೇಣಿಗೆ ಕೊಟ್ಟವರಿಗೆ ಅಧಿಕಾರದಲ್ಲಿರುವವರ ಹತ್ತಿರ ಹೋಗುವುದು ಸುಲಭವಾಗುತ್ತದೆ, ಹಾಗಾಗಿ ಕೊಟ್ಟವರು ಯಾರೆಂದು ತಿಳಿಯುವ ಹಕ್ಕು ಮತದಾರರಿಗೆ ಉಂಟು.

ನಮ್ಮ ನೆಚ್ಚಿನ ನಾಯಕರ ಮೇಲೆ ಇಂಥ ಆರೋಪ ಬಂದಾಗ ನಾವು ಹೇಗೆ ವಾದ ಮಾಡುತ್ತೇವೆ ನೋಡಿ. ‘ಅವರು ಒಂದು ರೂಪಾಯಿ ತಿಂದವರಲ್ಲ ಮಾರಾಯ್ರೆ.’ ‘ನಮ್ಮ ರಸ್ತೆ ಮಾಡಿಸಿದ್ದು ಅವರೇ.’ ‘ಎಲ್ಲ ಪಾರ್ಟಿಯವರೂ ತೆಗೊಳ್ಳುವುದೇ ಅಲ್ವಾ?’ ಮೊದಲನೆಯದು ನಂಬಿಕೆ. ಎರಡನೆಯದು ಬೇರೆ ವಿಷಯ. ಮೂರನೆಯದು ಆರೋಪವನ್ನು ಒಪ್ಪಿಕೊಂಡ ಹಾಗೆ. ಈ ಮೂರರಲ್ಲಿ ಯಾವುದೂ ನಾಯಕರನ್ನು ಕಾಪಾಡುವುದಿಲ್ಲ. ಅವರನ್ನು ಕಾಪಾಡುವುದು ಲೆಕ್ಕ. ‘ಇಷ್ಟು ಕೊಟ್ಟರು, ಇಂಥ ದಿನ ಕೊಟ್ಟರು, ಈ ಖಾತೆಗೆ ಬಂತು, ಆಯೋಗಕ್ಕೆ ತಿಳಿಸಿದ್ದೇವೆ, ಅವರ ಅರ್ಜಿ ವಿಚಾರದಲ್ಲಿ ನಾನು ಮಾತಾಡಿಲ್ಲ’ ಅಂತ ನಾಯಕರು ಪತ್ರ ಸಮೇತ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಮ್ಮ ದೇವಸ್ಥಾನಗಳ ಬ್ರಹ್ಮಕಲಶೋತ್ಸವಕ್ಕೆ ಐನೂರು ರೂಪಾಯಿ ಕೊಟ್ಟರೂ ರಶೀದಿ ಸಿಗುತ್ತದೆ, ದೊಡ್ಡದು ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲೆ ಬರುತ್ತದೆ. ಕೊಟ್ಟವರ ಹೆಸರು ಹಾಕಿ ಲೆಕ್ಕ ಒಪ್ಪಿಸುವುದು ನಮ್ಮ ಊರಿಗೆ ಹೊಸದೇನಲ್ಲ. ರಾಜಕೀಯಕ್ಕೆ ಬಂದಾಗ ಮಾತ್ರ ಅದನ್ನು ಕೇಳಲು ನಾಚಿಕೊಳ್ಳುತ್ತೇವೆ.

ಟೀಕೆ ಮಾಡುವವರಿಗೂ ಇದೇ ಅಳತೆ. ‘ಅವರಿಗೆ ಮರಳಿನವರ ದುಡ್ಡು ಬರುತ್ತದೆ’ ಅಂತ ಸುಮ್ನೆ ಹೇಳಿದರೆ ಅದು ಗಾಳಿಮಾತು. ಅಂಥ ಮಾತು ಮೂರು ದಿನ ಓಡಾಡಿ ಸತ್ತುಹೋಗುತ್ತದೆ. ನಿಜವಾಗಿ ತಪ್ಪು ಮಾಡಿದವರಿಗೆ ಅದರಿಂದ ಲಾಭವೇ. ಮುಂದೆ ಯಾರಾದರೂ ದಾಖಲೆ ಹಿಡಿದು ಬಂದಾಗಲೂ ‘ಇದು ಹಳೆಯ ಪುಕಾರು’ ಅಂತ ತಳ್ಳಿಹಾಕುತ್ತಾರೆ. ಕೊಟ್ಟವರ ಜಾತಿ, ಧರ್ಮ ನೋಡಿ ಅನುಮಾನ ಪಡುವುದು ನಮ್ಮ ಜಿಲ್ಲೆಗಳಲ್ಲಿ ಇನ್ನೂ ದೊಡ್ಡ ಕೆಡುಕು. ಬ್ಯಾರಿ ಕೊಟ್ಟರೂ, ಬಂಟರು ಕೊಟ್ಟರೂ, ಕೊಂಕಣಿ ವ್ಯಾಪಾರಿ ಕೊಟ್ಟರೂ ಕೇಳಬೇಕಾದ ಪ್ರಶ್ನೆ ಒಂದೇ.

ದಾಖಲೆ ಎಲ್ಲಿ ಸಿಗುತ್ತದೆ? ನಾವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ ಉಂಟು. ಅಭ್ಯರ್ಥಿಗಳು ಸಲ್ಲಿಸಿದ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ಪ್ರತಿಯನ್ನೂ ಪಡೆಯಬಹುದು. ದಕ್ಷಿಣ ಕನ್ನಡದ 8 ಕ್ಷೇತ್ರಗಳಿಗೆ ಅದು ಮಂಗಳೂರಿನಲ್ಲಿ. ಉಡುಪಿ ಜಿಲ್ಲೆಯ 5 ಕ್ಷೇತ್ರಗಳಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ. ಆ ಲೆಕ್ಕದಲ್ಲಿ ಪಕ್ಷ ಕೊಟ್ಟದ್ದೆಷ್ಟು, ಬೇರೆಯವರು ಕೊಟ್ಟದ್ದೆಷ್ಟು ಅಂತ ಬೇರೆ ಬೇರೆ ಇರುತ್ತದೆ. ಪಕ್ಷಗಳಿಗೆ 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಪಟ್ಟಿ ಉದ್ದ ಇರುತ್ತದೆ, ವಿಳಾಸದಲ್ಲಿ ನಮ್ಮ ಊರಿನ ಹೆಸರು ಹುಡುಕಬೇಕು. ಪರವಾನಗಿಯ ಕಡತ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಮೂರನ್ನೂ ಪಕ್ಕಪಕ್ಕ ಇಟ್ಟರೆ ತಾರೀಕುಗಳು ಹೊಂದುತ್ತವೋ ಇಲ್ಲವೋ ಗೊತ್ತಾಗುತ್ತದೆ.

ತಪ್ಪು ಸಾಬೀತಾದರೆ ಏನಾಗುತ್ತದೆ? ಮಿತಿ ಮೀರಿ ಖರ್ಚು ಮಾಡಿದ್ದರೆ ಅದು ಭ್ರಷ್ಟ ಆಚರಣೆ, ಗೆಲುವೇ ರದ್ದಾಗಬಹುದು. ಆದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿರಬೇಕು. ಲೆಕ್ಕ ಕೊಡಲು 30 ದಿನ ಇರುವುದರಿಂದ, ಅದನ್ನು ನೋಡಿ ಅರ್ಜಿ ಬರೆಯಲು ಮತದಾರರ ಕೈಯಲ್ಲಿ ಉಳಿಯುವುದು ಸುಮಾರು ಎರಡು ವಾರ ಮಾತ್ರ. ಲೆಕ್ಕವನ್ನೇ ಕೊಡದಿದ್ದರೆ, ಅಥವಾ ಕಾನೂನು ಹೇಳಿದ ರೀತಿಯಲ್ಲಿ ಕೊಡದಿದ್ದರೆ, ಚುನಾವಣಾ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಸುಳ್ಳು ಲೆಕ್ಕ ಕೊಟ್ಟರೂ ಆಯೋಗ ಈ ಅಧಿಕಾರ ಬಳಸಬಹುದು ಅಂತ ಸುಪ್ರೀಂ ಕೋರ್ಟ್ ನಮ್ಮದೇ ರಾಜ್ಯದ ನಾಗಮಂಗಲ ಕ್ಷೇತ್ರದ ಪ್ರಕರಣವೊಂದರಲ್ಲಿ ಹೇಳಿತ್ತು. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊರಗಿನವರು ಪ್ರಚಾರಕ್ಕೆ ಖರ್ಚು ಮಾಡಿದರೆ ಅದೂ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ 500 ರೂಪಾಯಿವರೆಗೆ ದಂಡ ಇತ್ತು, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 10,000 ರೂಪಾಯಿವರೆಗೆ ಆಗಿದೆ. ಲಕ್ಷಗಟ್ಟಲೆ ಖರ್ಚು ಮಾಡುವವರಿಗೆ ಈ ದಂಡ ಯಾವ ಲೆಕ್ಕವೂ ಅಲ್ಲ. ಇದು ಹೆಚ್ಚಾಗಬೇಕು. ಅದಕ್ಕಿಂತ ಮುಖ್ಯವಾಗಿ, ಕೊಟ್ಟದ್ದಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಟ್ಟದ್ದು ಸಾಬೀತಾದರೆ ಅದು ದೇಣಿಗೆಯ ವಿಷಯವಾಗಿ ಉಳಿಯುವುದೇ ಇಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅದು ಲಂಚ, ಅದರ ತನಿಖೆಗೆ ದೂರು ಕೊಡಬೇಕಾದದ್ದು ಲೋಕಾಯುಕ್ತ ಪೊಲೀಸರಿಗೆ.