ಸ್ಕ್ಯಾನ್‌ಗೆ ಕಾಣದ ಗಾಯ, ಅನುಭವಿಸಿದವರಿಗೆ ಗೊತ್ತು

ತಲೆಗೆ ಪೆಟ್ಟು ಬಿದ್ದು ನೆನಪು ಹೋಯಿತು, ಇನ್ನೊಂದು ಪೆಟ್ಟು ಬಿದ್ದಾಗ ವಾಪಸ್ ಬಂತು. ಸಿನಿಮಾಗಳು ಇದನ್ನು ಎಷ್ಟು ಸಲ ತೋರಿಸಿವೆಯೋ! ಶುದ್ಧ ಸುಳ್ಳು. ಎರಡನೇ ಪೆಟ್ಟು ಹಾನಿಯನ್ನು ಜಾಸ್ತಿ ಮಾಡುತ್ತದೆ, ಅಷ್ಟೇ. ಇದಕ್ಕಿಂತ ಕೆಟ್ಟ ನಂಬಿಕೆ ಇನ್ನೊಂದಿದೆ: "ಸ್ಕ್ಯಾನ್ ನಾರ್ಮಲ್ ಬಂತು, ಹೊಲಿಗೆ ಬಿಚ್ಚಾಯ್ತು, ಈಗೇನಿದ್ದರೂ ಸೋಮಾರಿತನ." ಇದು ಯಾಕೆ ತಪ್ಪು, ಅಂಥದೇ ಗಾಯ ಅನುಭವಿಸಿದವರು ಹೇಗೆ ನೆರವಾಗಬಲ್ಲರು, ನೋಡೋಣ.

ಸ್ಕ್ಯಾನ್‌ಗೆ ಕಾಣದ್ದು ಏನು? ನರಕೋಶದಿಂದ ಹೊರಡುವ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ದಪ್ಪ ಸುಮಾರು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಧಾನವಾಗಿ ಎಳೆದರೆ ಅದು ಹಿಗ್ಗುತ್ತದೆ. ವಾಹನ ಗುದ್ದಿ ತಲೆ ಗಿರಕ್ಕನೆ ತಿರುಗಿದರೆ ಅದಕ್ಕೆ ಹಿಗ್ಗಲು ಸಮಯವೇ ಸಿಗುವುದಿಲ್ಲ. ಒಳಗಿನ ಸೂಕ್ಷ್ಮನಾಳಿಕೆಗಳು ಮುರಿಯುತ್ತವೆ. ಪ್ರೋಟೀನ್‌ಗಳು ಸಾಗುವುದು ಈ ನಾಳಿಕೆಗಳ ಮೇಲೆಯೇ. ಹಳಿ ಕಿತ್ತುಹೋದ ಕಡೆ ಸರಕು ರಾಶಿ ಬಿದ್ದ ಹಾಗೆ, ಮುರಿದ ಜಾಗದಲ್ಲಿ ಅವು ಜಮಾ ಆಗಿ ಎಳೆ ಊದಿಕೊಳ್ಳುತ್ತದೆ. ಎಷ್ಟೋ ಎಳೆಗಳು ತುಂಡಾಗುವುದು ಪೆಟ್ಟು ಬಿದ್ದ ಕ್ಷಣದಲ್ಲಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ! ಮಿದುಳಿನ ರೋಗಗಳ ತಜ್ಞೆ ಸಾಬಿನಾ ಸ್ಟ್ರಿಚ್ ಈ ಹಾನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1956ರಲ್ಲೇ ವಿವರಿಸಿದ್ದರು. ಸಿಟಿ ಸ್ಕ್ಯಾನ್‌ಗೆ ಇಷ್ಟು ಚಿಕ್ಕದು ಸಿಗುವುದಿಲ್ಲ.

ಪರಿಣಾಮ ಮಾತ್ರ ದಿನವೂ ಎದುರಿಗಿರುತ್ತದೆ. ಯೋಚನೆ ನಿಧಾನ, ಬೇಗ ಸುಸ್ತು, ಸಣ್ಣದಕ್ಕೂ ಸಿಟ್ಟು. ಮಿದುಳಿನ ಮುಂಭಾಗಕ್ಕೆ ಏಟಾಗಿದ್ದರೆ, ತಾನು ಬದಲಾಗಿದ್ದೇನೆ ಎಂಬುದೇ ಆ ವ್ಯಕ್ತಿಗೆ ತಿಳಿಯದೆ ಇರಬಹುದು. ಮನೆಯವರು ಹೇಳಿದರೆ ಜಗಳ. ಅದೇ ಮಾತನ್ನು ಅಂಥದೇ ಗಾಯದಿಂದ ಚೇತರಿಸಿಕೊಂಡ ಒಬ್ಬರು ಹೇಳಿದರೆ ಕಿವಿಗೆ ಬೀಳುತ್ತದೆ. ಪೀರ್ ಮೆಂಟರಿಂಗ್, ಅಂದರೆ ಅನುಭವಿಸಿದವರೇ ಮೆಂಟರ್ ಆಗಿ ಇನ್ನೊಬ್ಬರಿಗೆ ದಾರಿ ತೋರಿಸುವುದು, ನಿಂತಿರುವುದೇ ಇದರ ಮೇಲೆ.

ಮಾತ್ರೆಯ ವಿಷಯವನ್ನೇ ನೋಡಿ. "ಫೋನಲ್ಲಿ ಅಲಾರಂ ಇಡಿ" ಎಂದು ಎಲ್ಲರೂ ಹೇಳುತ್ತಾರೆ. ಅಲಾರಂ ಹೊಡೆಯುತ್ತದೆ, ಕೈ ಅದನ್ನು ಆಫ್ ಮಾಡುತ್ತದೆ, ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಇದನ್ನು ತಾನೇ ಅನುಭವಿಸಿದ ಮೆಂಟರ್ ಹೇಳುವುದು ಬೇರೆ: "ಆಫ್ ಮಾಡ್ಬೇಡಿ, ಸ್ನೂಜ್ ಒತ್ತಿ. ಮಾತ್ರೆ ನುಂಗಿದ ಮೇಲೇ ಆಫ್."

ಅನುಭವಿಸಿದವರಿಂದಲೇ ನೆರವು ಕೊಡಿಸುವ ಈ ಯೋಚನೆ ಹೊಸದಲ್ಲ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಜಾನ್ ಬ್ಯಾಪ್ಟಿಸ್ಟ್ ಪುಸ್ಸಾಂ. ಅವರೇ ಅಲ್ಲಿ ಹಿಂದೆ ಗಂಡಮಾಲೆಗೆ (ಕತ್ತಿನ ಗ್ರಂಥಿಗಳು ಊದುವ ರೋಗ) ಚಿಕಿತ್ಸೆ ಪಡೆದವರು. ಗುಣವಾದ ರೋಗಿಗಳನ್ನೇ ಅವರು ಆರೈಕೆಗೆ ನೇಮಿಸಿದರು. ಹೀಗೆ ಗುಣವಾದವರು ಜಾಸ್ತಿ ಕರುಣೆಯಿಂದ ನಡೆದುಕೊಳ್ಳುತ್ತಾರೆ ಎಂಬುದನ್ನು ವೈದ್ಯ ಫಿಲಿಪ್ ಪಿನೆಲ್ ಕೂಡ ಒಪ್ಪಿಕೊಂಡರು.

ಪೀರ್ ಮೆಂಟರಿಂಗ್‌ನಿಂದ ಉಪಯೋಗವಿದೆ ಎನ್ನಲು ಪುರಾವೆ ಇದೆಯಾ? ಇದೆ, ಆದರೆ ಮಿಶ್ರ. 2012ರಲ್ಲಿ ಅಮೆರಿಕದ ರಾಬಿನ್ ಹ್ಯಾಂಕ್ಸ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ಮೆಂಟರ್ ಸಿಕ್ಕವರು ತಮ್ಮ ವರ್ತನೆಯನ್ನು ಹೆಚ್ಚು ಹತೋಟಿಯಲ್ಲಿಟ್ಟುಕೊಂಡಿದ್ದರು, ಕಡಿಮೆ ಕುಡಿಯುತ್ತಿದ್ದರು. ಅದಕ್ಕೂ ಹಿಂದಿನ ವರ್ಷದ ಒಂದು ಚಿಕ್ಕ ಪ್ರಯೋಗದಲ್ಲಿ ಮಾತ್ರ, ಬೆಂಬಲ ಸಿಗುತ್ತಿದೆ ಎಂಬ ಭಾವನೆ ಹೆಚ್ಚಿದರೂ ಸ್ನೇಹಿತರ ಬಳಗ ಬೆಳೆಯಲಿಲ್ಲ, ಖಿನ್ನತೆಯ ಲಕ್ಷಣಗಳೂ ಹೆಚ್ಚಿದವು. ಕಳೆದುಕೊಂಡದ್ದು ಮನಸ್ಸಿಗೆ ಬರತೊಡಗಿದಾಗ ದುಃಖವೂ ಬರುತ್ತದೆ, ಅಲ್ವಾ? ಹಾಗಾಗಿ ಮೆಂಟರ್‌ಗೆ ತರಬೇತಿ ಬೇಕು, ಬೆನ್ನ ಹಿಂದೆ ವೃತ್ತಿಪರರು ಬೇಕು. ತಲೆನೋವು ಏರುತ್ತಿದೆ, ಫಿಟ್ಸ್ ಬಂತು, ಸಾಯುವ ಮಾತು ಬಂತು ಎಂದರೆ ತಡಮಾಡದೆ ವೈದ್ಯರಿಗೆ ಒಪ್ಪಿಸಬೇಕು.