ಬೆನ್ನು ಟ್ಯೂಬಿಗೆ, ಎದೆ ಪ್ಲೇಟಿಗೆ: ಎಕ್ಸ್‌ರೇಯಲ್ಲಿ ನಿಲ್ಲುವ ಭಂಗಿಗೂ ಡೋಸ್‌ಗೂ ಇರುವ ಹಳೇ ನಂಟು

ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆ ಈ ಕವಾಯತು ನೆನಪಿರುತ್ತದೆ. ಸ್ಟ್ಯಾಂಡಿಗೆ ಎದೆ ಒತ್ತಿ ನಿಲ್ಲಬೇಕು. ಗದ್ದ ಮೇಲೆತ್ತಬೇಕು. ಕೈಗಳನ್ನು ಸೊಂಟದ ಮೇಲಿಟ್ಟು ಮೊಣಕೈಗಳನ್ನು ಮುಂದಕ್ಕೆ ತಳ್ಳಬೇಕು. ಆಮೇಲೆ ಟೆಕ್ನಿಷಿಯನ್ ಪರದೆಯ ಹಿಂದಿನಿಂದ "ಉಸಿರು ಎಳೆದು ಹಿಡ್ಕೊಳ್ಳಿ" ಅನ್ನುತ್ತಾರೆ, ಟಕ್ ಅಂತ ಸದ್ದಾಗುತ್ತದೆ, ಅಷ್ಟೇ. ಹೊರಗೆ ಬಂದ ಮೇಲೆ ಹಲವರಿಗೆ ಒಂದು ಅನುಮಾನ ಉಳಿಯುತ್ತದೆ: ಬೇಕಿದ್ದದ್ದು ಎದೆಯ ಚಿತ್ರ, ಕಿರಣ ಬಂದದ್ದು ಬೆನ್ನ ಹಿಂದಿನಿಂದ. ಹೀಗ್ಯಾಕೆ?

ಅಲ್ಲಿ ಸುಮ್ನೆ ಮಾಡಿಸುವುದು ಒಂದೂ ಇಲ್ಲ. ಮೊಣಕೈ ಮುಂದೆ ಬಂದರೆ ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತವೆ. ಗದ್ದ ಎತ್ತಿದರೆ ಅದರ ನೆರಳು ಶ್ವಾಸಕೋಶದ ತುದಿಯ ಮೇಲೆ ಬೀಳುವುದಿಲ್ಲ. ಬೆನ್ನು ಟ್ಯೂಬಿನ, ಅಂದರೆ ಕಿರಣ ಹೊರಡುವ ಕೊಳವೆಯ ಕಡೆ ಇರಬೇಕು ಅನ್ನುವುದಕ್ಕೆ ಎರಡು ಕಾರಣಗಳಿವೆ. ಒಂದು ಚಿತ್ರಕ್ಕೆ ಸಂಬಂಧಿಸಿದ್ದು, ಅದನ್ನು ಎಲ್ಲ ಪಠ್ಯಪುಸ್ತಕಗಳೂ ಮೊದಲು ಹೇಳುತ್ತವೆ. ಇನ್ನೊಂದು ಡೋಸ್‌ಗೆ, ಅಂದರೆ ಮೈಗೆ ತಗಲುವ ಕಿರಣದ ಪ್ರಮಾಣಕ್ಕೆ ಸಂಬಂಧಿಸಿದ್ದು. ಅದು ಮನದಟ್ಟಾಗಲು ವೈದ್ಯಲೋಕಕ್ಕೆ ಸುಮಾರು 70 ವರ್ಷ ಹಿಡಿಯಿತು, ಮತ್ತು ಅದಕ್ಕೆ ಬೆಲೆ ತೆತ್ತವರು ಬಹುಪಾಲು ಹೆಣ್ಣುಮಕ್ಕಳು. ಇದು ನನಗೆ ಇವತ್ತಿಗೂ ಕಾಡುವ ವಿಷಯ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ವಿಲ್ಹೆಲ್ಮ್ ರಾಂಟ್‌ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು, ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ. ಡಿಸೆಂಬರ್ 22ರಂದು ಹೆಂಡತಿಯ ಕೈಯನ್ನು ಚಿತ್ರ ಮೂಡುವ ಪ್ಲೇಟಿನ ಮೇಲೆ ಇಡಿಸಿದರು. ಕೈ ಅಲ್ಲಾಡಿಸದೆ ಸುಮಾರು ಕಾಲು ಗಂಟೆ. ಉಂಗುರ ತೊಟ್ಟ ಆ ಮೂಳೆಗಳ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಇವತ್ತು ಅದೇ ಕೈಯ ಎಕ್ಸ್‌ರೇಗೆ ಒಂದು ಸೆಕೆಂಡಿನ ಚೂರು ಸಾಕು.

ತೊಂದರೆ ತಡವಾಗಿಯೇನೂ ಶುರುವಾಗಲಿಲ್ಲ. 1896ರಲ್ಲೇ ಚರ್ಮ ಸುಟ್ಟಿದ್ದು, ಕೂದಲು ಉದುರಿದ್ದು ವರದಿಯಾಯಿತು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಟ್ಯೂಬುಗಳನ್ನು ಪರೀಕ್ಷಿಸಲು ತನ್ನ ಕೈಯನ್ನೇ ಕಿರಣಕ್ಕೆ ಹಿಡಿಯುತ್ತಿದ್ದರು. ಹುಣ್ಣಾಯಿತು, ಕ್ಯಾನ್ಸರ್ ಆಯಿತು, ತೋಳುಗಳನ್ನು ಕತ್ತರಿಸಬೇಕಾಯಿತು, 1904ರಲ್ಲಿ ತೀರಿಕೊಂಡರು. ಎಡಿಸನ್ ಆ ಕೆಲಸವನ್ನೇ ಬಿಟ್ಟರು. ಇಂಥವರ ನೆನಪಿಗೆ 1936ರಲ್ಲಿ ಹ್ಯಾಂಬರ್ಗ್‌ನಲ್ಲಿ ಒಂದು ಕಲ್ಲು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು.

ಅವೆಲ್ಲ ಈ ಕೆಲಸ ಮಾಡಿದವರ ಹೆಸರುಗಳು. ರೋಗಿಗಳದ್ದಲ್ಲ. ಇಲ್ಲೇ ಇರುವುದು ನೋಡಿ ಮುಖ್ಯ ವಿಷಯ. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಕಿರಣ ರಕ್ಷಣೆಗೆ ಅಂತ ಅಂತರರಾಷ್ಟ್ರೀಯ ಸಮಿತಿ ರಚನೆಯಾದಾಗಲೂ ಅದರ ಮುಂದಿದ್ದ ಚಿಂತೆ ಕೆಲಸಗಾರರದ್ದೇ. ರೋಗಿಗೆ ಎಷ್ಟು ಡೋಸ್ ಹೋಗುತ್ತಿದೆ ಅನ್ನುವ ಪ್ರಶ್ನೆ ಬಹಳ ಕಾಲ ಪಕ್ಕಕ್ಕೇ ಉಳಿಯಿತು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ 1901ರಲ್ಲೇ ಗಿನಿಹಂದಿಗಳ ಮೇಲೆ ಪ್ರಯೋಗ ಮಾಡಿ ಈ ಕಿರಣ ಕೊಲ್ಲಬಲ್ಲದು ಎಂದು ತೋರಿಸಿದ್ದರು. ಟ್ಯೂಬನ್ನು ಕಿರಣ ಸೋರದ ಪೆಟ್ಟಿಗೆಯಲ್ಲಿಡಿ, ಬೇಕಾದ ಭಾಗ ಬಿಟ್ಟು ಉಳಿದ ಮೈಗೆ ಕಿರಣ ತಾಗದಂತೆ ನೋಡಿಕೊಳ್ಳಿ ಎಂದೂ ಹೇಳಿದ್ದರು. ಆಗ ಕಿವಿಗೊಟ್ಟವರು ಕಡಿಮೆ.

ಈಗ ಒಂದು ಸಣ್ಣ ಲೆಕ್ಕ, ಇದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಎಕ್ಸ್‌ರೇ ಮೈಯೊಳಗೆ ಹೋಗುತ್ತಾ ಹೋಗುತ್ತಾ ಕ್ಷೀಣಿಸುತ್ತದೆ. ಸುಮಾರು 4-5 ಸೆಂಟಿಮೀಟರ್ ಮೈ ದಾಟುವಷ್ಟರಲ್ಲಿ ಅರ್ಧವಾಗುತ್ತದೆ ಅಂತ ಎಕ್ಸ್‌ರೇ ರೂಮಿನಲ್ಲಿ ಅಂದಾಜು ಹಾಕುತ್ತಾರೆ. ಪ್ಲೇಟಿಗೆ ಇಂತಿಷ್ಟು ಕಿರಣ ತಲುಪಲೇಬೇಕು, ಇಲ್ಲದಿದ್ದರೆ ಚಿತ್ರ ಬರುವುದಿಲ್ಲ. ಅಂದರೆ ಮೈ ಇನ್ನೂ 5 ಸೆಂಟಿಮೀಟರ್ ದಪ್ಪವಾದರೆ ಒಳಗೆ ಬಿಡಬೇಕಾದ ಕಿರಣ ಸುಮಾರು ಎರಡರಷ್ಟು. ಹೊಟ್ಟೆಯ ಎಕ್ಸ್‌ರೇಗೆ ಕವುಚಿ ಮಲಗಿಸಿದರೆ ಹೊಟ್ಟೆ ಒತ್ತಿಕೊಂಡು ತೆಳ್ಳಗಾಗುತ್ತದೆ, ಅಷ್ಟರಿಂದಲೇ ಡೋಸ್ ಇಳಿಯುತ್ತದೆ. ಮ್ಯಾಮೋಗ್ರಫಿಯಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತುವುದಕ್ಕೂ ಇದೊಂದು ಕಾರಣ. ಉರುಗ್ವೆಯ ರೌಲ್ ಲೆಬೋರ್ನ್ 1940ರ ದಶಕದ ಕೊನೆಯಲ್ಲಿ ಇದಕ್ಕೆ ಒತ್ತುಕೊಟ್ಟರು. ನೋವಾಗುತ್ತದೆ ನಿಜ. ಆದರೆ ಒತ್ತದಿದ್ದರೆ ಡೋಸ್ ಜಾಸ್ತಿ, ಚಿತ್ರವೂ ಮಸುಕು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಕಿರಣ ಒಳಗೆ ಹೋಗುವ ಕಡೆಯ ಚರ್ಮಕ್ಕೂ ಅದರ ಹಿಂದೆಯೇ ಇರುವ ಅಂಗಕ್ಕೂ ಪೂರ್ತಿ ಹೊಡೆತ. ಹೊರಬರುವ ಕಡೆಗೆ ತಲುಪುವುದು ಅದರ ಒಂದು ಸಣ್ಣ ಪಾಲು ಮಾತ್ರ. ಅದೇ ಯಂತ್ರ, ಅದೇ ಸೆಟ್ಟಿಂಗ್, ಅದೇ ಮನುಷ್ಯ. ತಿರುಗಿ ನಿಂತರೆ ಯಾವ ಅಂಗಕ್ಕೆ ಎಷ್ಟು ಅನ್ನುವುದು ಪೂರ್ತಿ ಬದಲಾಗುತ್ತದೆ.

ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಎದೆಗೂಡಿನೊಳಗೆ ಗಾಳಿ ತುಂಬಿಸಿ ರೋಗ ತಗುಲಿದ ಶ್ವಾಸಕೋಶವನ್ನು ಮುದುಡಿಸಿ ವಿಶ್ರಾಂತಿ ಕೊಡುವ ಚಿಕಿತ್ಸೆ ಇತ್ತು. ಗಾಳಿ ಇಂಗಿಹೋಗುತ್ತಿತ್ತು, ಮತ್ತೆ ಮತ್ತೆ ತುಂಬಬೇಕಿತ್ತು. ತುಂಬಿದಾಗಲೆಲ್ಲ ಫ್ಲೋರೋಸ್ಕೋಪಿ, ಅಂದರೆ ಹೊಳೆಯುವ ಪರದೆಯ ಮೇಲೆ ಎದೆಯನ್ನು ನೇರವಾಗಿ ನೋಡುವುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ. ಒಬ್ಬೊಬ್ಬರಿಗೆ ನೂರಾರು ಸಲ. ಹೆಚ್ಚಿನ ಕಡೆ ರೋಗಿಯ ಬೆನ್ನು ಟ್ಯೂಬಿಗಿರುತ್ತಿತ್ತು, ಮುಖ ಪರದೆಯ ಕಡೆ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಮಾತ್ರ ರೋಗಿಯನ್ನು ಟ್ಯೂಬಿನ ಕಡೆಗೆ ಮುಖ ಮಾಡಿಸುವ ರೂಢಿ ಇತ್ತು.

1965ರಲ್ಲಿ ಇಯಾನ್ ಮೆಕೆಂಜಿ ಎಂಬ ವೈದ್ಯರು, ಹೀಗೆ ಮತ್ತೆ ಮತ್ತೆ ಫ್ಲೋರೋಸ್ಕೋಪಿಗೆ ಒಳಗಾದ ನೋವಾ ಸ್ಕೋಶಿಯಾದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ ಎಂದು ಬರೆದರು. ಮುಂದೆ 1930ರಿಂದ 1952ರವರೆಗೆ ಕೆನಡಾದ ಕ್ಷಯ ಆಸ್ಪತ್ರೆಗಳಲ್ಲಿದ್ದ 31,710 ಹೆಂಗಸರ ದಾಖಲೆಗಳನ್ನು ಹುಡುಕಿ ತೆಗೆದು ಒಂದು ದೊಡ್ಡ ಅಧ್ಯಯನ ನಡೆಯಿತು, 1989ರಲ್ಲಿ ಪ್ರಕಟವಾಯಿತು. ಡೋಸ್ ಹೆಚ್ಚಾದ ಹಾಗೆ ಸ್ತನ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಏರಿತ್ತು. ಅತಿ ಹೆಚ್ಚು ಅಪಾಯ 10ರಿಂದ 14ರ ವಯಸ್ಸಿನಲ್ಲಿ ಕಿರಣಕ್ಕೆ ಒಳಗಾದವರಿಗೆ. ನೋವಾ ಸ್ಕೋಶಿಯಾದ ಅಂಕಿಗಳು ಉಳಿದ ಪ್ರಾಂತ್ಯಗಳಿಗಿಂತ ಎದ್ದು ಕಾಣುವಷ್ಟು ಜಾಸ್ತಿ. ಎದುರು ನಿಂತವರ ಸ್ತನಕ್ಕೆ ಪ್ರತಿ ಸಲ ಹೋದ ಡೋಸ್, ಬೆನ್ನು ಮಾಡಿ ನಿಂತವರದ್ದಕ್ಕಿಂತ ಹಲವು ಪಟ್ಟು ಇತ್ತು.

ಅಲ್ಲಿ ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶ ಇರಲಿಲ್ಲ. ಜೀವ ಉಳಿಸಲೆಂದೇ ಮಾಡಿದ್ದು, ಎಷ್ಟೋ ಜನ ಉಳಿದರು ಕೂಡ. ಆದರೆ ಮುಖ ಈ ಕಡೆಯೋ ಆ ಕಡೆಯೋ ಅನ್ನುವುದು ಆಯಾ ಊರಿನ ಅಭ್ಯಾಸಕ್ಕೆ ಬಿಟ್ಟ ಸಂಗತಿಯಾಗಿತ್ತು, ಅದೊಂದು ತೀರ್ಮಾನ ಅಂತಲೇ ಯಾರಿಗೂ ಅನಿಸಿರಲಿಲ್ಲ.

ಎರಡನೇ ಕಥೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಹುಡುಗಿಯರದ್ದು, ಸ್ಕೋಲಿಯೋಸಿಸ್ ಅನ್ನುತ್ತಾರಲ್ಲ, ಅದು. ಬೆಳೆಯುವ ವಯಸ್ಸಿನಲ್ಲಿ ಬಾಗು ಎಷ್ಟು ಹೆಚ್ಚಿತು ಅಂತ ನೋಡಲು ಕೆಲವು ತಿಂಗಳಿಗೊಮ್ಮೆ ಪೂರ್ತಿ ಬೆನ್ನಿನ ಎಕ್ಸ್‌ರೇ ಬೇಕು. ಬೆನ್ನುಮೂಳೆ ಬೆನ್ನಿಗೆ ಹತ್ತಿರ, ಹಾಗಾಗಿ ಬೆನ್ನು ಪ್ಲೇಟಿಗೆ ತಾಗಿಸಿ, ಮುಖ ಟ್ಯೂಬಿನ ಕಡೆ ಮಾಡಿಸುತ್ತಿದ್ದರು. ಚಿತ್ರದ ಲೆಕ್ಕದಲ್ಲಿ ಇದು ಸರಿಯೇ. ಪ್ಲೇಟಿಗೆ ಹತ್ತಿರವಿದ್ದದ್ದು ಚೂಪಾಗಿ, ನಿಜ ಅಳತೆಗೆ ಹತ್ತಿರವಾಗಿ ಬೀಳುತ್ತದೆ. ಆದರೆ ಪ್ರತಿ ಎಕ್ಸ್‌ರೇಯಲ್ಲೂ ಕಿರಣ ಮೊದಲು ಹೊಕ್ಕದ್ದು ಬೆಳೆಯುತ್ತಿರುವ ಸ್ತನದ ಮೂಲಕ.

ಅಮೆರಿಕದಲ್ಲಿ 1912ರಿಂದ 1965ರವರೆಗೆ ಹೀಗೆ ಚಿಕಿತ್ಸೆ ಪಡೆದ 5,573 ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನವೊಂದು 2000ದಲ್ಲಿ ಬಂತು. ಒಬ್ಬೊಬ್ಬರಿಗೆ ಸರಾಸರಿ 25 ಎಕ್ಸ್‌ರೇ. ಸಾಮಾನ್ಯ ಜನರ ಲೆಕ್ಕದಲ್ಲಿ ಇವರಲ್ಲಿ ಸ್ತನ ಕ್ಯಾನ್ಸರಿನಿಂದ ಸುಮಾರು 46 ಸಾವು ಆಗಬೇಕಿತ್ತು. ಆದದ್ದು 77.

ಅಷ್ಟರೊಳಗೆ ಪರಿಹಾರ ಸಿಕ್ಕಿತ್ತು, ಅದು ಇಷ್ಟು ಸರಳ ಅನ್ನುವುದೇ ಮನಸ್ಸಿಗೆ ತಾಗುವ ವಿಷಯ. 1979ರಲ್ಲಿ ಕ್ಲೈಡ್ ನ್ಯಾಶ್ ಮತ್ತು ಜೊತೆಗಾರರು ಹುಡುಗಿಯನ್ನು ತಿರುಗಿಸಿ ನಿಲ್ಲಿಸಿ ಎಂದರು. ಬೆನ್ನು ಟ್ಯೂಬಿಗೆ, ಎದೆ ಪ್ಲೇಟಿಗೆ. ಬೆನ್ನುಮೂಳೆ ಚಿತ್ರದಲ್ಲಿ ಸ್ವಲ್ಪ ದೊಡ್ಡದಾಗಿ ಕಾಣಬಹುದು, ಕಾಣಲಿ ಬಿಡಿ. ಡಾಕ್ಟರು ಅಳೆಯುವುದು ಬಾಗಿನ ಕೋನವನ್ನು. ಚಿತ್ರ ಹಿಗ್ಗಿದರೆ ಕೋನ ಹಿಗ್ಗುವುದಿಲ್ಲ! ಸ್ತನಕ್ಕೆ ಹೋಗುವ ಡೋಸ್ ಮಾತ್ರ ಹಲವು ಪಟ್ಟು ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲ, ಹೊಸ ಯಂತ್ರ ಬೇಡ. ತಲೆಬುರುಡೆಯ ಚಿತ್ರಕ್ಕೂ ಇದೇ ಮಾತು, ಮುಖವನ್ನು ಪ್ಲೇಟಿನ ಕಡೆ ಮಾಡಿದರೆ ಕಣ್ಣಿನ ಮಸೂರ ಬಚಾವ್.

ಎದೆಯ ಎಕ್ಸ್‌ರೇಯಲ್ಲಿ ಅದೃಷ್ಟಕ್ಕೆ ಚಿತ್ರವೂ ಡೋಸೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹೃದಯ ಇರುವುದು ಮುಂದುಗಡೆ. ಎದೆ ಪ್ಲೇಟಿಗೆ ತಾಗಿದ್ದರೆ ಚಿತ್ರದಲ್ಲಿ ಹೃದಯ ಕಡಿಮೆ ಹಿಗ್ಗುತ್ತದೆ. ಟ್ಯೂಬನ್ನು 180 ಸೆಂಟಿಮೀಟರ್ ದೂರ ಇಡುವುದೂ ಅದಕ್ಕೇ, ಮತ್ತು ಅದರಲ್ಲೂ ಡೋಸ್ ಉಳಿತಾಯವಿದೆ. ಲೆಕ್ಕ ಹಾಕಿ ನೋಡಿ. ಮೈ 25 ಸೆಂಟಿಮೀಟರ್ ದಪ್ಪ ಅಂದುಕೊಳ್ಳಿ. ಟ್ಯೂಬು ಪ್ಲೇಟಿನಿಂದ 90 ಸೆಂಟಿಮೀಟರ್ ದೂರವಿದ್ದರೆ ಚರ್ಮ ಇರುವುದು 65ರಲ್ಲಿ. ಕಿರಣದ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಮೈ ಹೀರುವುದನ್ನು ಬಿಟ್ಟು ಬರೀ ದೂರದ ಲೆಕ್ಕದಲ್ಲೇ ಚರ್ಮಕ್ಕೆ ಪ್ಲೇಟಿನ 1.9ರಷ್ಟು ಬೀಳುತ್ತದೆ. 180ಕ್ಕೆ ಸರಿಸಿದರೆ ಅದು 1.35. ಹಾಸಿಗೆ ಬಿಟ್ಟು ಏಳಲಾಗದ ರೋಗಿಗೆ ಈ ಯಾವ ಅನುಕೂಲವೂ ಇಲ್ಲ, ಮುಂದಿನಿಂದಲೇ, ಹತ್ತಿರದಿಂದಲೇ ತೆಗೆಯಬೇಕಾಗುತ್ತದೆ. ಅಂಥ ಚಿತ್ರದಲ್ಲಿ ಹೃದಯ ದೊಡ್ಡದಾಗಿ ಕಂಡರೆ ಗಾಬರಿ ಬೀಳಬೇಕಿಲ್ಲ.

ಹಾಗಂತ ಒಂದು ಎದೆ ಎಕ್ಸ್‌ರೇಗೆ ಹೆದರುವಂಥದ್ದೇನೂ ಇಲ್ಲ, ಇದನ್ನೂ ಹೇಳಿಬಿಡಬೇಕು. ಇವತ್ತು ಅದರ ಡೋಸ್ ಸುಮಾರು 0.02 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ನೆಲ, ಗಾಳಿ, ಆಕಾಶದಿಂದ ಸಹಜವಾಗಿ ನಮಗೆಲ್ಲ ಬರುವುದು ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4. ಅಂದರೆ ಮೂರು ದಿನದ ಪಾಲು. ರೋಗಿಗೆ ಇಷ್ಟೇ ಡೋಸ್ ಅನ್ನುವ ಮಿತಿ ಇವತ್ತಿಗೂ ಇಲ್ಲ, ಬೇಕಿದ್ದರೆ ತೆಗೆಯಲೇಬೇಕು ಅನ್ನುವ ಕಾರಣಕ್ಕೆ. ಮಿತಿ ಇಲ್ಲದ ಕಡೆ ಜಾಗ್ರತೆ ಜಾಸ್ತಿ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಆ ಜಾಗ್ರತೆ ಕೈಕೊಡುವುದು ಹೆಚ್ಚಾಗಿ ರಿಪೀಟ್‌ನಲ್ಲಿ. ಚಿತ್ರದಲ್ಲಿ ಹೆಗಲು ಕತ್ತರಿಸಿಹೋಯಿತು, ಮಂಡಿ ತಿರುಗಿಬಿಟ್ಟಿತ್ತು, ಉಸಿರು ಬಿಟ್ಟುಬಿಟ್ಟರು, ಮತ್ತೊಮ್ಮೆ ತೆಗೀಬೇಕು. ಮತ್ತೊಮ್ಮೆ ಅಂದರೆ ಡೋಸ್ ನೇರವಾಗಿ ಎರಡರಷ್ಟು. ಚಿತ್ರ ಕೆಡಲು ದೊಡ್ಡ ಕಾರಣ ಯಂತ್ರವಲ್ಲ, ಪೊಸಿಷನಿಂಗ್, ಅಂದರೆ ರೋಗಿಯನ್ನು ನಿಲ್ಲಿಸುವ, ಮಲಗಿಸುವ ರೀತಿ. ಫಿಲ್ಮ್ ಇದ್ದ ಕಾಲದಲ್ಲಿ ಕೆಟ್ಟ ಫಿಲ್ಮುಗಳು ಬುಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದವು. ಈಗ ಒಂದು ಬಟನ್ ಒತ್ತಿದರೆ ಮಾಯ.

ಡಿಜಿಟಲ್ ಬಂದಾಗ ಡೋಸ್ ತಾನಾಗಿಯೇ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದರು. ಫಿಲ್ಮಿಗೆ ಕಿರಣ ಜಾಸ್ತಿಯಾದರೆ ಕಪ್ಪಾಗುತ್ತಿತ್ತು, ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಜಾಸ್ತಿ ಕೊಟ್ಟರೂ ಕಂಪ್ಯೂಟರ್ ಸರಿಮಾಡಿ ತೋರಿಸುತ್ತದೆ, ಇನ್ನೂ ನುಣುಪಾಗಿ ಕಾಣುತ್ತದೆ. ಕಡಿಮೆ ಕೊಟ್ಟರೆ ಚಿತ್ರ ಕಾಳುಕಾಳಾಗಿ, ಅದನ್ನು ಓದುವ ವೈದ್ಯರು (ರೇಡಿಯಾಲಜಿಸ್ಟ್) ಬೈಯುತ್ತಾರೆ. ಹಾಗಾಗಿ ಡೋಸ್ ಮೆಲ್ಲಗೆ ಮೇಲಕ್ಕೇ ಹೋಗುತ್ತದೆ, ಯಾರಿಗೂ ಗೊತ್ತಾಗದ ಹಾಗೆ. ಪ್ಲೇಟಿಗೆ ಎಷ್ಟು ಬಿತ್ತು ಅಂತ ಎಲ್ಲ ಕಂಪನಿಯ ಯಂತ್ರಗಳೂ ಒಂದೇ ರೀತಿಯ ಅಂಕಿಯಲ್ಲಿ ಹೇಳಲಿ ಎಂದು ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2008ರಲ್ಲಿ.

ಸೀಸದ ಹೊದಿಕೆಯ ಕಥೆಯಂತೂ ಪೂರ್ತಿ ತಿರುಗಿಬಿಟ್ಟಿದೆ. 1950ರ ದಶಕದಿಂದ ಕಿಬ್ಬೊಟ್ಟೆಯ ಮೇಲೆ ಸೀಸ ಹೊದಿಸುವುದು ರೂಢಿಗೆ ಬಂತು, ಮುಂದಿನ ಪೀಳಿಗೆಗೆ ತೊಂದರೆಯಾಗದಿರಲಿ ಅಂತ. 1976ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಶಿಫಾರಸು ಮಾಡಿತು. ಆದರೆ ಅಂಡಾಶಯ ಎಲ್ಲಿದೆ ಅಂತ ಹೊರಗಿನಿಂದ ಕಾಣುವುದಿಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಹೊದಿಕೆ ತಪ್ಪಿ ಬಿದ್ದರೆ ನೋಡಬೇಕಾದ ಮೂಳೆಯೇ ಮುಚ್ಚಿಹೋಗಿ ರಿಪೀಟ್. ಅದಕ್ಕಿಂತ ಕೆಟ್ಟದ್ದು, ಸಾಕಷ್ಟು ಕಿರಣ ಬಂದಾಗ ತಾನೇ ನಿಲ್ಲಿಸುವ ಸೆನ್ಸರ್ ಸೀಸದ ಅಡಿಗೆ ಸಿಕ್ಕಿಕೊಂಡರೆ, ಇನ್ನೂ ಬಂದಿಲ್ಲ ಅಂದುಕೊಂಡು ಯಂತ್ರ ಕಿರಣ ಬಿಡುತ್ತಲೇ ಹೋಗುತ್ತದೆ. ಕಾಪಾಡಲು ಹಾಕಿದ್ದೇ ಡೋಸ್ ಏರಿಸಿತು. ಈ ನಡುವೆ ತಿಳಿವಳಿಕೆಯೂ ಬದಲಾಯಿತು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಜನನಾಂಗಗಳ ಅಪಾಯಕ್ಕೆ ಕೊಡುವ ತೂಕ 1977ರಲ್ಲಿ 0.25 ಇದ್ದದ್ದು 1990ರಲ್ಲಿ 0.20 ಆಗಿ 2007ರಲ್ಲಿ 0.08ಕ್ಕೆ ಇಳಿಯಿತು. ಸ್ತನದ್ದು 1990ರಲ್ಲಿ 0.05 ಇದ್ದದ್ದು 2007ರಲ್ಲಿ 0.12ಕ್ಕೆ ಏರಿತು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಈ ಹೊದಿಕೆಯನ್ನು ರೂಢಿಯಾಗಿ ಹಾಕುವುದು ನಿಲ್ಲಿಸಿ ಎಂದಿತು. ಹೊದಿಸಲಿಲ್ಲ ಅಂತ ಈಗ ರೋಗಿಗಳು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ತಪ್ಪಲ್ಲ, ಅರ್ಧ ಶತಮಾನ ನಾವೇ ಹೇಳಿಕೊಟ್ಟದ್ದು. ಎರಡು ನಿಮಿಷ ನಿಂತು ವಿವರಿಸಬೇಕು.

ಮೈ ಎಲ್ಲಿದೆ ಅನ್ನುವ ಪ್ರಶ್ನೆ ಸಿಟಿ ಸ್ಕ್ಯಾನ್‌ನಲ್ಲೂ ಬಿಟ್ಟಿಲ್ಲ. ಮೊದಲ ರೋಗಿಯ ಸ್ಕ್ಯಾನ್ ಲಂಡನ್ನಿನಲ್ಲಿ 1971ರಲ್ಲಿ ಆಯಿತು. ಇವತ್ತಿನ ಯಂತ್ರಗಳು ಮೊದಲು ಒಂದು ಸರಳ ಚಿತ್ರ ತೆಗೆದು, ಮೈ ಎಷ್ಟು ದಪ್ಪ ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕ ಹಾಗೆ ಕಿರಣ ಬಿಡುತ್ತವೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಆ ಮೊದಲ ಚಿತ್ರ ತೆಗೆಯುವಾಗ ಟ್ಯೂಬು ಮೇಲಿದ್ದು, ಮೇಜು ಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ ರೋಗಿ ಟ್ಯೂಬಿಗೆ ಹತ್ತಿರವಾಗುತ್ತಾರೆ. ಹತ್ತಿರವಾದದ್ದು ದೊಡ್ಡದಾಗಿ ಕಾಣುತ್ತದೆ. ಯಂತ್ರ ಅವರನ್ನು ದಪ್ಪ ಮನುಷ್ಯ ಅಂದುಕೊಂಡು ಡೋಸ್ ಏರಿಸುತ್ತದೆ. ರೋಗಿಯ ಪಕ್ಕೆಯ ಮೇಲೆ ಒಂದು ಕೆಂಪು ಲೇಸರ್ ಗೆರೆ ಬೀಳುತ್ತದಲ್ಲ, ಅದು ಮೈಯ ನಟ್ಟನಡುವೆ ಇದೆಯಾ ಅಂತ ಟೆಕ್ನಿಷಿಯನ್ ಬಗ್ಗಿ ನೋಡುತ್ತಾರೆ, ಇಲ್ಲದಿದ್ದರೆ ಮೇಜನ್ನು ಮೂರು ಸೆಂಟಿಮೀಟರ್ ಇಳಿಸುತ್ತಾರೆ, ಗೆರೆ ಸರಿಯಾಗಿ ಕೂತ ಮೇಲೆ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.